ನರಹುಲಿ ಉದುರಿತು, ವೈರಸ್ ಎಲ್ಲಿ ಹೋಯಿತು? ಜನನಾಂಗದ ನರಹುಲಿ ಬಗ್ಗೆ ಟಿಪ್ಪಣಿ

ಈ ಪಾಠ ಓದುವಾಗ ನಾನು ಮೊದಲು ಔಷಧಿಗಳ ಪಟ್ಟಿಯನ್ನೇ ಬಾಯಿಪಾಠ ಮಾಡಿದೆ. ಎರಡು ದಿನದಲ್ಲಿ ಎಲ್ಲ ಕಲಸಿಹೋಯಿತು. ಆಮೇಲೆ ಒಂದೇ ಪ್ರಶ್ನೆ ಹಿಡಿದು ಮತ್ತೆ ಓದಿದೆ: ಈ ವೈರಸ್ ಚರ್ಮದಲ್ಲಿ ಎಲ್ಲಿ ಕೂತಿರುತ್ತದೆ? ಅದು ತಿಳಿದರೆ ಮಿಕ್ಕಿದ್ದು ಸುಲಭ.

ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಇದರಲ್ಲಿ 200ಕ್ಕೂ ಜಾಸ್ತಿ ಬಗೆಗಳಿವೆ. ಜನನಾಂಗದ ಭಾಗಕ್ಕೆ ತಗಲುವಂಥವು ಸುಮಾರು 40. ನರಹುಲಿಗಳಲ್ಲಿ ಶೇ 90ರಷ್ಟಕ್ಕೆ 6 ಮತ್ತು 11ನೇ ಬಗೆಗಳು ಕಾರಣ. ಗರ್ಭಕೊರಳಿನ ಕ್ಯಾನ್ಸರ್‌ನಲ್ಲಿ ಶೇ 70ರಷ್ಟಕ್ಕೆ ಕಾರಣ 16 ಮತ್ತು 18. ಈ ಎರಡು ಜೋಡಿಗಳನ್ನು ಬೇರೆ ಬೇರೆಯಾಗಿಯೇ ನೆನಪಿಡಿ. ನರಹುಲಿ ಕಂಡ ಕೂಡಲೇ ಕ್ಯಾನ್ಸರ್ ಅಂತ ಹೆದರುವವರು ಬಹಳ. 6 ಮತ್ತು 11 ಕ್ಯಾನ್ಸರ್ ತರುವುದು ತೀರಾ ಅಪರೂಪ. ಹಾಗಂತ ಒಬ್ಬರಿಗೆ ಒಂದೇ ಬಗೆ ತಗಲಬೇಕೆಂದೇನೂ ಇಲ್ಲ. ಅದಕ್ಕೇ ಗರ್ಭಕೊರಳಿನ ತಪಾಸಣೆಯನ್ನು ವಯಸ್ಸಿಗೆ ತಕ್ಕಂತೆ ಎಲ್ಲರ ಹಾಗೆಯೇ ಮಾಡಿಸಿಕೊಳ್ಳಬೇಕು.

ಈಗ ಮೂಲ ಪ್ರಶ್ನೆಗೆ ಬರೋಣ. ಚರ್ಮಕ್ಕೆ ಚರ್ಮ ಉಜ್ಜಿದಾಗ ಕಣ್ಣಿಗೆ ಕಾಣದ ಗೀರುಗಳು ಬೀಳುತ್ತವೆ. ವೈರಸ್ ಆ ಗೀರುಗಳಿಂದ ಇಳಿದು ಚರ್ಮದ ತಳಪದರದ ಕೋಶಗಳನ್ನು ಸೇರುತ್ತದೆ. ಅಲ್ಲಿ ಅದು ಸದ್ದಿಲ್ಲದೆ ಇರುತ್ತದೆ, ಕೆಲವೇ ಪ್ರತಿಗಳನ್ನು ಮಾಡಿಕೊಳ್ಳುತ್ತದೆ. ಆ ಕೋಶಗಳು ಬೆಳೆಯುತ್ತಾ ಮೇಲಕ್ಕೆ ಸರಿದಂತೆ ವೈರಸ್ಸಿನ ಸಂಖ್ಯೆಯೂ ಏರುತ್ತದೆ. ಹೊರಕವಚ ತೊಟ್ಟು ಪೂರ್ತಿ ತಯಾರಾಗುವುದು ಮೇಲ್ಪದರದಲ್ಲಿ. ಕೊನೆಗೆ ಉದುರುವ ಸತ್ತ ಕೋಶಗಳ ಜೊತೆ ಹೊರಗೆ ಬರುತ್ತದೆ. ಕೋಶವನ್ನು ಒಡೆಯುವುದಿಲ್ಲ, ರಕ್ತಕ್ಕೂ ಇಳಿಯುವುದಿಲ್ಲ. ಹೀಗಾಗಿ ದೇಹದ ರೋಗನಿರೋಧಕ ವ್ಯವಸ್ಥೆಗೆ ಬೇಗ ಸುಳಿವೇ ಸಿಗುವುದಿಲ್ಲ. ಮನೆಗೆ ನುಗ್ಗಿದ ಕಳ್ಳ ಒಂದು ಪಾತ್ರೆಯನ್ನೂ ಬೀಳಿಸದ ಹಾಗೆ!

ಸೋಂಕು ತಗಲಿದ ಮೇಲೆ ನರಹುಲಿ ಕಾಣಿಸಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು, ಕೆಲವರಲ್ಲಿ ಇನ್ನೂ ತಡ. ಎಷ್ಟೋ ಜನರಿಗೆ ಕಾಣಿಸುವುದೇ ಇಲ್ಲ, ಆದರೂ ಅವರಿಂದ ಹರಡಬಹುದು. ಹಾಗಾಗಿ ಯಾರಿಂದ, ಯಾವಾಗ ಬಂತು ಅಂತ ಬೊಟ್ಟು ಮಾಡಿ ಹೇಳಲು ಆಗುವುದಿಲ್ಲ. ರೋಗಿಗಳು ಮೊದಲು ಕೇಳುವುದೇ ಇದನ್ನು, ದಾಂಪತ್ಯದಲ್ಲಿ ಜಗಳ ಏಳುವುದೂ ಇಲ್ಲಿಂದಲೇ. ಇನ್ನು ಕಾಂಡೋಮ್ ಅಪಾಯವನ್ನು ಕಡಿಮೆ ಮಾಡುತ್ತದೆ, ಆದರೆ ಅದು ಮುಚ್ಚದ ಚರ್ಮಕ್ಕೆ ರಕ್ಷಣೆ ಇಲ್ಲ.

ಗುರುತಿಸುವುದು ಹೆಚ್ಚಾಗಿ ಕಣ್ಣಿನಿಂದಲೇ. ಮೆತ್ತಗಿನ ಸಣ್ಣ ಗಂಟುಗಳು, ಒಂಟಿಯಾಗಿ ಅಥವಾ ಹೂಕೋಸಿನಂತೆ ಗುಂಪಾಗಿ ಇರುತ್ತವೆ. ಸಾಮಾನ್ಯವಾಗಿ ನೋವಿಲ್ಲ, ಕೆಲವೊಮ್ಮೆ ತುರಿಕೆ. ಗಂಡಸರಲ್ಲಿ ಶಿಶ್ನದ ತುದಿಯ ಅಂಚಿಗೆ ಸಾಲಾಗಿ ಇರುವ ಮುತ್ತಿನಂಥ ಗುಳ್ಳೆಗಳು ಸಹಜವಾದವು, ಅದು ರೋಗವೇ ಅಲ್ಲ. ನಡುವೆ ಸಣ್ಣ ಕುಳಿ ಇರುವ ನುಣುಪು ಗುಳ್ಳೆಯಾದರೆ ಮೊಲಸ್ಕಮ್ ಎಂಬ ಬೇರೊಂದು ವೈರಸ್ ಸೋಂಕು ಇರಬಹುದು. ಎಡವಬಾರದ ಜಾಗ ಮಾತ್ರ ಸಿಫಿಲಿಸ್ ಎಂಬ ಲೈಂಗಿಕ ರೋಗ. ಅದರ ಎರಡನೇ ಹಂತದಲ್ಲಿ ಚಪ್ಪಟೆಯಾದ, ಒದ್ದೆ ಒದ್ದೆ ಉಬ್ಬುಗಳು ಬರುತ್ತವೆ, ನೋಡಲು ನರಹುಲಿಯ ಹಾಗೇ. ಅನುಮಾನ ಬಂದರೆ ರಕ್ತಪರೀಕ್ಷೆ ಮಾಡಿಸಲೇಬೇಕು. ಗಂಟು ಕಪ್ಪಾಗಿದ್ದರೆ, ಗಟ್ಟಿಯಾಗಿದ್ದರೆ, ರಕ್ತ ಸೋರುತ್ತಿದ್ದರೆ, ಚಿಕಿತ್ಸೆಗೆ ಬಗ್ಗದಿದ್ದರೆ ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷೆ.

ಚಿಕಿತ್ಸೆಯಲ್ಲಿ ಎರಡು ದಾರಿಗಳಿವೆ. ಒಂದು, ಬೆಳೆದ ಗಂಟನ್ನು ನಾಶ ಮಾಡುವುದು. ಇನ್ನೊಂದು, ನಿದ್ದೆಯಲ್ಲಿರುವ ರೋಗನಿರೋಧಕ ಶಕ್ತಿಯನ್ನು ಆ ಜಾಗದಲ್ಲಿ ಎಬ್ಬಿಸುವುದು.

ನಾಶ ಮಾಡುವ ಗುಂಪಿನಲ್ಲಿ ವೈದ್ಯರೇ ಮಾಡುವ ವಿಧಾನಗಳು ಜಾಸ್ತಿ: ದ್ರವ ನೈಟ್ರೋಜನ್‌ನಿಂದ ಹೆಪ್ಪುಗಟ್ಟಿಸುವುದು, ಶೇ 80–90ರ ಟ್ರೈಕ್ಲೋರೋಅಸಿಟಿಕ್ ಆಸಿಡ್ ಮುಟ್ಟಿಸುವುದು, ವಿದ್ಯುತ್ತಿನಿಂದ ಸುಡುವುದು, ಲೇಸರ್, ಕತ್ತರಿಸಿ ತೆಗೆಯುವುದು. ಸುಡುವಾಗ ಏಳುವ ಹೊಗೆಯಲ್ಲಿ ವೈರಸ್ಸಿನ ಡಿಎನ್‌ಎ ಸಿಕ್ಕಿದೆ, ಆದ್ದರಿಂದ ಹೊಗೆ ಹೀರುವ ಯಂತ್ರ, ಮಾಸ್ಕ್ ಬೇಕು. ಇದೇ ಗುಂಪಿನ ಪೊಡೊಫೈಲೋಟಾಕ್ಸಿನ್ ಅನ್ನು ರೋಗಿ ಮನೆಯಲ್ಲೇ ಹಚ್ಚಿಕೊಳ್ಳಬಹುದು. ಅದು ಕೋಶ ಇಬ್ಭಾಗವಾಗುವುದನ್ನು ತಡೆಯುತ್ತದೆ. ದಿನಕ್ಕೆ ಎರಡು ಸಲದಂತೆ ಮೂರು ದಿನ, ಆಮೇಲೆ ನಾಲ್ಕು ದಿನ ಬಿಡುವು, ಹೀಗೆ ನಾಲ್ಕು ಸುತ್ತಿನವರೆಗೆ.

ಎರಡನೇ ದಾರಿಯ ಮುಖ್ಯ ಔಷಧಿ ಇಮಿಕ್ವಿಮೋಡ್. ನನಗೆ ತುಂಬ ಹಿಡಿಸಿದ್ದು ಇದೇ. ವೈರಸ್ಸನ್ನು ಇದು ನೇರವಾಗಿ ಮುಟ್ಟುವುದೇ ಇಲ್ಲ! ರೋಗನಿರೋಧಕ ಕೋಶಗಳಲ್ಲಿ ವೈರಸ್ಸಿನ ಸುಳಿವು ಹಿಡಿಯುವ ಟಿಎಲ್‌ಆರ್-7 ಎಂಬ ಗ್ರಾಹಕವನ್ನು ತಟ್ಟಿ, ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನ್ ಬಿಡುಗಡೆ ಮಾಡಿಸಿ, ಕಳ್ಳ ಒಳಗಿದ್ದಾನೆ ಅಂತ ಕೂಗಿ ಹೇಳುತ್ತದೆ. ಶೇ 5ರ ಕ್ರೀಮನ್ನು ವಾರಕ್ಕೆ ಮೂರು ರಾತ್ರಿ ಹಚ್ಚಿ, 6–10 ಗಂಟೆ ಬಿಟ್ಟು ತೊಳೆಯಬೇಕು. 16 ವಾರದವರೆಗೂ ಹಚ್ಚಬೇಕಾಗಬಹುದು. ಚರ್ಮ ಕೆಂಪಾಗಿ ಉರಿಯುವುದು ಔಷಧಿ ಕೆಲಸ ಮಾಡುವ ರೀತಿಯಿಂದಲೇ ಬರುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ರೋಗಿ ಅಲರ್ಜಿ ಅಂದುಕೊಂಡು ಎರಡನೇ ವಾರಕ್ಕೇ ಟ್ಯೂಬು ಎಸೆಯುತ್ತಾರೆ. ಉರಿ ಜೋರಾದರೆ ಕೆಲವು ದಿನ ನಿಲ್ಲಿಸಿ ವೈದ್ಯರನ್ನು ಕೇಳಬೇಕು.

ಯಾವ ದಾರಿ ಹಿಡಿದರೂ ಸುತ್ತಲಿನ ಸಹಜವಾಗಿ ಕಾಣುವ ಚರ್ಮದಲ್ಲಿ ವೈರಸ್ ಉಳಿದಿರಬಹುದು. ಮೊದಲ ಮೂರು ತಿಂಗಳಲ್ಲಿ ಮರುಕಳಿಸುವುದು ಸಾಮಾನ್ಯ, ಅದನ್ನು ವೈದ್ಯರ ಸೋಲು ಅನ್ನಲಾಗದು. ಇನ್ನೊಂದು ಕಡೆ, ಏನೂ ಮಾಡದೆಯೇ ಒಂದು ವರ್ಷದೊಳಗೆ ಮಾಯವಾಗುವುದೂ ಉಂಟು. ಹಾಗಾಗಿ ಸುಮ್ನೆ ಕಾಯುವುದೂ ಒಂದು ಆಯ್ಕೆಯೇ.

ಕೈಕಾಲಿನ ನರಹುಲಿಗೆಂದು ಮಾರುವ ಸ್ಯಾಲಿಸಿಲಿಕ್ ಆಸಿಡ್ ಇಲ್ಲಿ ಬೇಡವೇ ಬೇಡ, ನಾಜೂಕು ಚರ್ಮ ಸುಟ್ಟುಹೋಗುತ್ತದೆ. ಗರ್ಭಿಣಿಯರಿಗೆ ಪೊಡೊಫೈಲೋಟಾಕ್ಸಿನ್ ಕೊಡುವಂತಿಲ್ಲ. ಅವರಿಗೆ ಹೆಪ್ಪುಗಟ್ಟಿಸುವ ವಿಧಾನ ಸರಿ.

ಕೊನೆಯದು ಲಸಿಕೆ. 2006ರಲ್ಲಿ ಬಂದ ಗಾರ್ಡಸಿಲ್ 6, 11, 16, 18 ಈ ನಾಲ್ಕಕ್ಕೂ ರಕ್ಷಣೆ ಕೊಡುತ್ತದೆ. ಸರ್ವಾರಿಕ್ಸ್ ಎಂಬ ಇನ್ನೊಂದು ಲಸಿಕೆಯಲ್ಲಿ 16 ಮತ್ತು 18 ಮಾತ್ರ, ಅಂದರೆ ನರಹುಲಿಯ ಬಗೆಗಳು ಅದರಲ್ಲಿಲ್ಲ. ಪರೀಕ್ಷೆಯಲ್ಲಿ ಕೇಳುತ್ತಾರೆ, ನೋಡಿಕೊಳ್ಳಿ. ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳು ಆ ಸಣ್ಣ ಗೀರುಗಳಲ್ಲಿ ಜಿನುಗಿ, ವೈರಸ್ ತಳಪದರ ಮುಟ್ಟುವ ಮೊದಲೇ ತಡೆಯುತ್ತವೆ. ಒಮ್ಮೆ ಕೋಶದೊಳಗೆ ಹೊಕ್ಕ ವೈರಸ್ಸಿಗೆ ಅವು ಏನೂ ಮಾಡಲಾರವು. ಅದಕ್ಕೇ ಇದು ತಡೆಯುವ ಲಸಿಕೆ, ಗುಣಪಡಿಸುವ ಮದ್ದಲ್ಲ. ಆಸ್ಟ್ರೇಲಿಯಾ 2007ರಲ್ಲಿ ಹುಡುಗಿಯರಿಗೆ ಲಸಿಕೆ ಶುರುಮಾಡಿತು, ಹುಡುಗರಿಗೆ 2013ರಲ್ಲಿ. ಕೆಲವೇ ವರ್ಷಗಳಲ್ಲಿ ಅಲ್ಲಿನ ಯುವತಿಯರಲ್ಲಿ ನರಹುಲಿ ಬಹಳ ಕಡಿಮೆಯಾಯಿತು. ಹುಡುಗರಿಗೆ ಲಸಿಕೆ ಶುರುವಾಗುವ ಮೊದಲೇ, ಹೆಣ್ಣುಮಕ್ಕಳ ಜೊತೆ ಸಂಬಂಧವಿದ್ದ ಯುವಕರಲ್ಲೂ ಇಳಿದಿತ್ತು.