ಎನ್‌ಕ್ಲೆಕ್ಸ್‌ಗೆ ಹೆಂಗ ಓದಬೇಕಂತ ಠರಾಯಿಸೋಕಿಂತ ಮೊದ್ಲ 85 ಪ್ರಶ್ನೆ ಮಾಡ್ರಿ

ಬಿಎಸ್ಸಿ ನರ್ಸಿಂಗ್ ಮುಗಿಸಿ ಎರಡು ವರ್ಷ ವಾರ್ಡ್ ಡ್ಯೂಟಿ ಮಾಡಿದ ಮ್ಯಾಲ ನಮ್ಮ ಬ್ಯಾಚಿನವ್ರಿಗೆ ಯಾರಿಗೆ ಫೋನ್ ಹಚ್ಚಿದ್ರೂ ಒಂದ ಮಾತು, ಎನ್‌ಕ್ಲೆಕ್ಸ್ ಬರಿಬೇಕಂತ ಮಾಡೀನಿ ಲೇ, ಕೋಚಿಂಗ್ ಹಚ್ಚಲೋ ರೂಮ್‌ನ್ಯಾಗ ಕುಂತು ಓದಲೋ. ಎನ್‌ಕ್ಲೆಕ್ಸ್ ಅಂದ್ರ ಅಮೆರಿಕಾದಾಗ ನರ್ಸ್ ಲೈಸೆನ್ಸ್ ಸಿಗಾಕ ಬರಿಯೋ ಪರೀಕ್ಷೆ. ನಾನೂ ಇದ ಪ್ರಶ್ನೆ ತಲಿಯಾಗ ಇಟ್ಕೊಂಡು ನಾಕು ತಿಂಗಳು ಕಳೆದೆ. ಆ ನಾಕು ತಿಂಗಳು ಸುಮ್ಮನ ಕುಂತಿರಲಿಲ್ಲ, ಹುಬ್ಬಳ್ಳಿ ವಿದ್ಯಾನಗರದ ಪಿಜಿಯೊಳಗ ಡ್ಯೂಟಿ ಮುಗಿಸಿ ಬಂದು ಮೆಡಿಕಲ್ ಸರ್ಜಿಕಲ್ ಮೊದಲ್ನೇ ಪಾಠದಿಂದ ಓದಿ, ಕೆಂಪು ನೀಲಿ ಪೆನ್ನಿನ್ಯಾಗ ಗೆರಿ ಹೊಡದು, ಎರಡು ದಪ್ಪ ನೋಟ್‌ಬುಕ್ ತುಂಬಿಸಿದ್ದೆ. ಆಮ್ಯಾಲ ಒಂದು ರವಿವಾರ ಧೈರ್ಯ ಮಾಡಿ ಎನ್‌ಕ್ಲೆಕ್ಸ್ ನಮೂನಿ 85 ಪ್ರಶ್ನೆ ಟೈಮ್ ಹಚ್ಚಿ ಮಾಡಿದೆ. 38 ತಪ್ಪು. ಅದೂ ಎರಡೆರಡು ಸಲ ಓದಿದ ಪಾಠದಾಗ.

ಅವತ್ತ ನನಗ ತಿಳಿದದ್ದನ್ನ ಇಲ್ಲೆ ಬರೀತೀನಿ, ಯಾಕಂದ್ರ ನಿಮ್ಮ ನಾಕು ತಿಂಗಳರ ಉಳೀಲಿ.

ಮೊದ್ಲ ಪರೀಕ್ಷೆ ಎಂಥಾದ್ದು ಅಂತ ನೋಡೋಣ. ನಮ್ಮಲ್ಲೆ ನಾವೆಲ್ಲ ಡಿಗ್ರಿ ಪಾಸಾಗಿ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನ್ಯಾಗ ರಿಜಿಸ್ಟ್ರೇಷನ್ ಮಾಡಿಸಿ ಡ್ಯೂಟಿಗೆ ನಿಂತವ್ರು, ಲೈಸೆನ್ಸ್ ಸಲುವಾಗಿ ಬ್ಯಾರೆ ಪರೀಕ್ಷೆ ಬರದವ್ರಲ್ಲ. ಅಮೆರಿಕಾದಾಗ ಹಂಗಲ್ಲ, ಎನ್‌ಕ್ಲೆಕ್ಸ್ ಆರ್‌ಎನ್, ಅಂದ್ರ ರಿಜಿಸ್ಟರ್ಡ್ ನರ್ಸ್ ಪರೀಕ್ಷೆ, ಪಾಸಾದ್ರನ ಲೈಸೆನ್ಸ್. ಕೆನಡಾದಾಗೂ 2015 ರಿಂದ ಬಹಳಷ್ಟು ಕಡೆ ಇದ ಪರೀಕ್ಷೆ. ಗಲ್ಫ್‌ಗೆ, ಇಂಗ್ಲೆಂಡಿಗೆ ಬ್ಯಾರೆ ಪರೀಕ್ಷೆ ಅದಾವ, ಹಂಗಾಗಿ ಯಾವ ದೇಶ ಅಂತ ಮನ್ಯಾಗ ಕುಂತು ಮಾತಾಡಿ ಗಟ್ಟಿ ಮಾಡ್ಕೊಂಡ ಮ್ಯಾಲ ಪ್ರಶ್ನೆ ಹಿಡೀರಿ.

ಕಂಪ್ಯೂಟರ್ ಮುಂದ ಬರಿಯೋದು, ಒಟ್ಟು 5 ತಾಸು, ಕಮ್ಮಿ ಅಂದ್ರ 85 ಪ್ರಶ್ನೆ, ಹೆಚ್ಚಂದ್ರ 150. ನೀವು ಸರಿ ಉತ್ತರ ಕೊಟ್ರ ಮುಂದಿನದು ಸ್ವಲ್ಪ ಬಿರುಸು ಬರ್ತೈತಿ, ತಪ್ಪಿದ್ರ ಸ್ವಲ್ಪ ಹಗೂರ, ಹಿಂಗ ನಿಮ್ಮ ಮಟ್ಟ ಎಲ್ಲೆ ಐತಿ ಅಂತ ಅದು ಹುಡುಕ್ಕೋತ ಹೋಗ್ತೈತಿ. ಪಾಸಿನ ಗೆರಿಗಿಂತ ಮ್ಯಾಲ ಅದಾಳ ಇಲ್ಲಾ ಕೆಳಗ ಅದಾಳ ಅಂತ 95 ಪರ್ಸೆಂಟ್ ಖಾತ್ರಿ ಆದ ಕೂಡ್ಲೆ ನಿಂತ ಬಿಡ್ತೈತಿ. ಅದಕ್ಕ 85 ಕ್ಕ ನಿಂತ್ರ ಪಾಸು, 150 ತನಕ ಹೋದ್ರ ಫೇಲು ಅನ್ನೋ ಮಾತು ಸುಳ್ಳು, ಎರಡೂ ಕಡೆ ಎರಡೂ ಆಗ್ತಾವ. ಒಮ್ಮೆ ಉತ್ತರ ಕೊಟ್ಟು ಮುಂದ ಹೋದ್ರ ಹಿಂದ ಬರಾಕ ಆಗಂಗಿಲ್ಲ, ಬಿಟ್ಟು ಹೋಗಾಕೂ ಆಗಂಗಿಲ್ಲ. ಪರೀಕ್ಷೆದಾಗ ಮೊದ್ಲ ಗೊತ್ತಿದ್ದದ್ದು ಬರದು ಆಮ್ಯಾಲ ಉಳದದ್ದು ನೋಡೋ ನಮ್ಮ ಚಟ ಇಲ್ಲೆ ನಡಿಯಂಗಿಲ್ಲ.

ಈಗ ಆ 38 ತಪ್ಪಿಗೆ ಬರೋಣ. ಅವತ್ತ ಸಂಜಿಮುಂದ ನನ್ನ ರೂಮ್‌ಮೇಟ್, ಗದಗಿನಾಕಿ, ನನಗಿಂತ ಒಂದು ವರ್ಷ ಸೀನಿಯರ್, ಅಳಕೋತ ಕುಂತಿದ್ದ ನನ್ನ ಮುಂದ ಚಾ ಇಟ್ಟು, ತಂಗಿ ಮಾರ್ಕ್ಸ್ ಬಿಡು, ಯಾಕ ತಪ್ಪಿದಿ ಅನ್ನೋದು ಬರೀ ಅಂದ್ಲು. ಒಂದು ಹಾಳಿ ತಗೊಂಡು ಮೂರು ಖಾನೆ ಹಾಕಿದ್ವಿ. ಒಂದ್ನೇದು, ವಿಷಯ ಗೊತ್ತ ಇರಲಿಲ್ಲ. ಎರಡ್ನೇದು, ಗೊತ್ತಿತ್ತು ಖರೆ ಪ್ರಶ್ನೆ ಸರಿ ಓದಲಿಲ್ಲ. ಮೂರ್ನೇದು, ನಮ್ಮ ವಾರ್ಡ್ ರೂಢಿ. ಎಣಿಸಿದ್ರ 11, 9, 18.

ಆ 18 ನೋಡಿ ನಾನು ಸುಮ್ಮನಾದೆ. ನಾಕು ತಿಂಗಳು ನಾನು ಓದಿದ್ದೆಲ್ಲ ಒಂದ್ನೇ ಖಾನೆ ಸಲುವಾಗಿ, ರೋಗ ಇದ್ದದ್ದು ಮೂರ್ನೇ ಖಾನೆದಾಗ.

ವಾರ್ಡ್ ರೂಢಿ ಅಂದ್ರ ಏನು ಅಂತ ಹೇಳ್ತೀನಿ. ಪ್ರಶ್ನೆ ಹಿಂಗಿತ್ತು, ರಕ್ತ ಏರಿಸಾಕ ಚಾಲೂ ಮಾಡಿ 10 ನಿಮಿಷ ಆಗೈತಿ, ಪೇಷಂಟ್ ಚಳಿ ಅಂತಾನ, ಸ್ವಾಂಟದ ಕಡೆ ನೋವು ಅಂತಾನ, ಮೊದ್ಲ ಏನ್ ಮಾಡ್ತಿ. ನಾನು ಡಾಕ್ಟರ್‌ಗೆ ತಿಳಿಸೋದು ಅಂತ ಒತ್ತಿದೆ. ಯಾಕಂದ್ರ ಎರಡು ವರ್ಷ ನನ್ನ ಕಾಲು ಓಡಿದ್ದ ಡ್ಯೂಟಿ ಡಾಕ್ಟರ್ ರೂಮಿನ ಕಡೆ. ಸರಿ ಉತ್ತರ ರಕ್ತ ನಿಲ್ಲಿಸೋದು, ಆಮ್ಯಾಲ ಹೊಸ ಟ್ಯೂಬ್ ಹಾಕಿ ನಾರ್ಮಲ್ ಸಲೈನ್ ಹಚ್ಚಿ ಲೈನ್ ಉಳಿಸ್ಕೊಳ್ಳೋದು, ವೈಟಲ್ಸ್, ಅಂದ್ರ ಬಿಪಿ, ನಾಡಿ, ಉಸಿರು, ಜ್ವರ ನೋಡೋದು, ಡಾಕ್ಟರ್‌ಗೂ ಬ್ಲಡ್ ಬ್ಯಾಂಕಿಗೂ ತಿಳಿಸೋದು. ನೋಡ್ರಿ, ನನಗ ಟ್ರಾನ್ಸ್‌ಫ್ಯೂಷನ್ ರಿಯಾಕ್ಷನ್, ಅಂದ್ರ ಏರಿಸಿದ ರಕ್ತ ಮೈಗೆ ಒಗ್ಗದಿದ್ದಾಗಿನ ಲಕ್ಷಣ ಬಾಯಿಪಾಠ ಬರ್ತಿದ್ವು, ಪಾಠ ಇನ್ನೊಮ್ಮೆ ಓದಿದ್ರ ಈ ತಪ್ಪು ಹೋಗತಿರಲಿಲ್ಲ. ಆ ಪರೀಕ್ಷೆ ಕೇಳೋದು ಡಾಕ್ಟರ್ ಬರೋ ತನಕ ನಿನ್ನ ಕೈ ಏನ್ ಮಾಡ್ತೈತಿ ಅಂತ.

ಇನ್ನೊಂದು ಡೆಲಿಗೇಷನ್. ನಮ್ಮ ಕಡೆ ವಾರ್ಡ್‌ನ್ಯಾಗ ಮೈ ಒರಸೋದು, ಉಣಿಸೋದು, ಎಬ್ಬಿಸಿ ಕುಂದ್ರಸೋದು ಅರ್ಧಕ್ಕರ್ಧ ಪೇಷಂಟ್ ಕಡೆಯವ್ರ ಮಾಡ್ತಾರ, ಹಂಗಾಗಿ ಯಾರಿಗೆ ಯಾವ ಕೆಲಸ ಒಪ್ಪಿಸಬೇಕು ಅನ್ನೋ ಲೆಕ್ಕ ನಮಗ ಬಂದಿರಂಗಿಲ್ಲ. ಅಮೆರಿಕಾದಾಗ ಆರ್‌ಎನ್, ಅವ್ರ ಕೈಕೆಳಗ ಎಲ್‌ಪಿಎನ್ ಅನ್ನೋ ಇನ್ನೊಂದು ದರ್ಜೆ ನರ್ಸ್, ಅಸಿಸ್ಟೆಂಟ್ ಅಂತ ಮೂರು ಮಂದಿ ಇರ್ತಾರ. ಅಸೆಸ್‌ಮೆಂಟ್, ಪೇಷಂಟ್‌ಗೆ ಮೊದಲ್ನೇ ಸಲ ತಿಳಿಸಿ ಹೇಳೋದು, ಗುಣ ಆಗಾಕತ್ತೈತೋ ಇಲ್ಲೋ ಅಂತ ತೀರ್ಮಾನ ಮಾಡೋದು ಆರ್‌ಎನ್ ಯಾರಿಗೂ ಕೊಡಂಗಿಲ್ಲ. ಸ್ಟೇಬಲ್ ಇದ್ದ ಪೇಷಂಟ್‌ನ ವೈಟಲ್ಸ್, ಸ್ನಾನ, ಎಷ್ಟು ಕುಡದ್ರು, ಎಷ್ಟು ಹೊರಗ ಹೋತು ಅನ್ನೋ ಇಂಟೇಕ್ ಔಟ್‌ಪುಟ್ ಬರಿಯೋದು ಅಸಿಸ್ಟೆಂಟ್‌ಗೆ ಕೊಡಬಹುದು. ಇದು ಮ್ಯಾನೇಜ್‌ಮೆಂಟ್ ಆಫ್ ಕೇರ್ ಅನ್ನೋ ಭಾಗದಾಗ ಬರ್ತೈತಿ, 2023 ರ ಟೆಸ್ಟ್ ಪ್ಲಾನ್‌ನ್ಯಾಗ ಎಲ್ಲಕ್ಕಿಂತ ದೊಡ್ಡ ಪಾಲು ಇದರದ್ದ, 15 ರಿಂದ 21 ಪರ್ಸೆಂಟ್. ಔಷಧದ ಭಾಗ 13 ರಿಂದ 19. ಟೆಸ್ಟ್ ಪ್ಲಾನ್ ಪರೀಕ್ಷೆ ನಡಿಸೋ ಎನ್‌ಸಿಎಸ್‌ಬಿಎನ್‌ನವ್ರ ಪುಕ್ಕಟ ಕೊಡ್ತಾರ, ಮೂರು ವರ್ಷಕ್ಕೊಮ್ಮೆ ತಿದ್ತಾರ, ನೀವು ಬರಿಯೋ ವರ್ಷದ್ದನ್ನ ಇಳಿಸ್ಕೋರಿ. ನಾನು ಅದನ್ನ ನೋಡಿದ್ದ ಐದ್ನೇ ತಿಂಗಳಿಗೆ, ಮೊದಲ್ನೇ ದಿನ ನೋಡಬೇಕಿತ್ತು.

ಒಂದು ಪ್ರಶ್ನೆ ಪೂರ್ತಿ ಬಿಡಿಸಿ ನೋಡೋಣ. ನಾಕು ಪೇಷಂಟ್ ಅದಾರ, ಮೊದ್ಲ ಯಾರ ಹಂತೇಕ ಹೋಗ್ತಿ. ಒಬ್ಬಾಂವಗ ಸಿಒಪಿಡಿ, ಅಂದ್ರ ವರ್ಷಗಟ್ಟಲೆ ಇರೋ ಶ್ವಾಸಕೋಶದ ರೋಗ, ರಕ್ತದಾಗ ಆಕ್ಸಿಜನ್ ಸ್ಯಾಚುರೇಷನ್ 90 ಪರ್ಸೆಂಟ್. ಒಬ್ಬಾಂವಗ ತೊಡಿ ಎಲುಬು ಮುರದು ಎರಡು ದಿನ ಆಗೈತಿ, ಈಗ ಒಮ್ಮಿಂದೊಮ್ಮೆಲೆ ನಾ ಎಲ್ಲಿದೀನಿ ಅಂತ ಕೇಳಾಕತ್ತಾನ. ಒಬ್ಬಾಕಿಗೆ ನಿನ್ನೆ ಅಪೆಂಡಿಕ್ಸ್ ಆಪರೇಷನ್ ಆಗೈತಿ, ನೋವು ಹತ್ತಕ್ಕ ಎಂಟು. ಇನ್ನೊಬ್ಬಾಕಿ ಶುಗರ್ 210. ನಾನು 90 ಅನ್ನೋ ನಂಬರ್ ನೋಡಿ ಹೆದರಿ ಸಿಒಪಿಡಿ ಒತ್ತಿದೆ. ಖರೆ ಸಿಒಪಿಡಿಯವ್ರಿಗೆ 88 ರಿಂದ 92 ಇದ್ರ ಅದು ಅವರ ದಿನದ ಮಟ್ಟ, ನಿರೀಕ್ಷೆ ಮಾಡಿದ್ದ. ಆಪರೇಷನ್ ಮರುದಿನ ನೋವು, ಅದೂ ನಿರೀಕ್ಷೆ ಇದ್ದದ್ದ. 210 ನೋಡಬೇಕು, ಆದ್ರ ಹತ್ತು ನಿಮಿಷ ತಡದ್ರ ನಡೀತೈತಿ. ಉಳಿದಾಂವ ನಿನ್ನೆ ಸರಿ ಮಾತಾಡ್ತಿದ್ದ, ಇವತ್ತ ಗೊಂದಲ ಆಗ್ಯಾನ, ಉದ್ದ ಎಲುಬು ಮುರದ ಮ್ಯಾಲ 24 ರಿಂದ 72 ತಾಸಿನೊಳಗ ಫ್ಯಾಟ್ ಎಂಬಾಲಿಸಂ, ಅಂದ್ರ ಕೊಬ್ಬಿನ ಕಣ ರಕ್ತದಾಗ ಸೇರಿ ನಾಳ ಕಟ್ಟೋದು, ಆಗೋ ಹೊತ್ತು, ಮೆದುಳಿಗೆ ಆಕ್ಸಿಜನ್ ಕಮ್ಮಿ ಬಿದ್ರ ಮೊದ್ಲ ಕಾಣೋದ ಈ ಗೊಂದಲ, ಚಡಪಡಿಕೆ. ಅವನ ಹಂತೇಕ ಮೊದ್ಲ. ನಂಬರ್ ದೊಡ್ಡದೈತೋ ಸಣ್ಣದೈತೋ ಅಂತಲ್ಲ, ಈ ಪೇಷಂಟ್‌ಗೆ ಇದು ಹೊಸದೋ ಹಳೇದೋ ಅಂತ ಕೇಳ್ಕೊಳ್ಳೋದು ಕಲ್ತ ಮ್ಯಾಲ ನನ್ನ ಪ್ರಯಾರಿಟಿ ಪ್ರಶ್ನೆ ಬಹಳ ಸುಧಾರಿಸ್ಯಾವ.

2023 ರ ಏಪ್ರಿಲ್‌ನಿಂದ ಹೊಸ ನಮೂನಿ ಬಂದೈತಿ, ಕೇಸ್ ಸ್ಟಡಿ. ಒಬ್ಬ ಪೇಷಂಟ್‌ನ ನರ್ಸ್ ನೋಟ್ಸ್, ವೈಟಲ್ಸ್, ಲ್ಯಾಬ್ ಎಲ್ಲ ಟ್ಯಾಬ್ ಟ್ಯಾಬ್ ಆಗಿ ಕೊಟ್ಟು ಒಂದರ ಮ್ಯಾಲ ಒಂದು 6 ಪ್ರಶ್ನೆ. ಮೊದಲ್ನೇದು ಯಾವ ಸುಳಿವು ಮುಖ್ಯ, ಎರಡ್ನೇದು ಅದರ ಅರ್ಥ ಏನು, ಮೂರ್ನೇದು ಯಾವ ಸಮಸ್ಯೆ ಮೊದ್ಲ, ನಾಕ್ನೇದು ಏನೇನ್ ಮಾಡಬಹುದು, ಐದ್ನೇದು ಏನ್ ಮಾಡ್ತಿ, ಆರ್ನೇದು ಗುಣ ಆತೋ ಇಲ್ಲೋ. ಇದಕ್ಕ ನಮ್ಮ ಹಂತೇಕ ದೊಡ್ಡ ಆಸ್ತಿ ಐತಿ, ದಿನಾ ಡ್ಯೂಟಿ. ಹ್ಯಾಂಡ್‌ಓವರ್ ತಗೊಳ್ಳೋ ಮುಂದ ಒಂದ ಒಂದು ಪೇಷಂಟ್ ಆರಿಸ್ಕೊಂಡು ಈ ಆರು ಪ್ರಶ್ನೆ ಮನಸಿನ್ಯಾಗ ಕೇಳ್ಕೋರಿ, ನಾನು ನೈಟ್ ಡ್ಯೂಟಿದಾಗ ಇದನ್ನ ಮಾಡ್ತೀನಿ, ಅದಕ್ಕ ಪುಸ್ತಕನೂ ಬ್ಯಾಡ. ಇನ್ನ ಎಲ್ಲ ಸರಿ ಇದ್ದದ್ದು ಆರಿಸು ಅನ್ನೋ ಪ್ರಶ್ನೆದಾಗ ಸರಿಗೆ ಒಂದು ಕೂಡಸ್ತಾರ, ತಪ್ಪಿಗೆ ಒಂದು ಕಳೀತಾರ, ಸೊನ್ನೆಗಿಂತ ಕೆಳಗ ಹೋಗಂಗಿಲ್ಲ. ಖಾತ್ರಿ ಇಲ್ಲದ್ದನ್ನ ಇರಲಿ ಅಂತ ಒತ್ತಬ್ಯಾಡ್ರಿ.

ಔಷಧದ ಹೆಸರಿನ್ಯಾಗೂ ಎಡವ್ತೀವಿ. ನಮ್ಮ ಪ್ಯಾರಾಸಿಟಮಾಲ್ ಅಲ್ಲೆ ಅಸಿಟಮಿನೋಫೆನ್, ಅಡ್ರಿನಲಿನ್ ಎಪಿನೆಫ್ರಿನ್, ಸಾಲ್ಬುಟಮಾಲ್ ಆಲ್ಬ್ಯುಟೆರಾಲ್, ಪೆಥಿಡಿನ್ ಮೆಪೆರಿಡಿನ್. ತೂಕ ಪೌಂಡ್‌ನ್ಯಾಗ ಕೊಡಬಹುದು, 2.2 ರಿಂದ ಭಾಗಿಸಿ ಕೆಜಿ ಮಾಡ್ಕೊಂಡು ಡೋಸ್ ಲೆಕ್ಕ ಮಾಡ್ರಿ. ಇಂಥಾವು ಒಂದು ಹಾಳಿಗೆ ಬರದು ಕಪಾಟಿನ ಬಾಗಲಿಗೆ ಹಚ್ಚಿದ್ರ ಸಾಕು.

ಈಗ ಕೋಚಿಂಗ್ ಬೇಕೋ ಬ್ಯಾಡೋ. ನಿಮ್ಮ ಮೂರು ಖಾನೆ ನೋಡ್ರಿ. ಒಂದ್ನೇ ಖಾನೆ ಭಾಳ ದೊಡ್ಡದಿದ್ರ, ಅಂದ್ರ ವಿಷಯನ ಮರತ್ತಿದ್ರ, ಕಾಲೇಜ್ ಬಿಟ್ಟು ಆರೇಳು ವರ್ಷ ಆಗಿದ್ರ, ಕೋಚಿಂಗ್ ಹಚ್ರಿ, ಒಬ್ರ ಕುಂತು ಎಲ್ಲ ಕಟ್ಟೋದು ಕಷ್ಟ. ನನ್ನ ರೂಮ್‌ಮೇಟ್ ಹಂಗ ಹಚ್ಚಿದ್ಲು, ಆಕೀದು ಮೂರು ವರ್ಷ ಡಯಾಲಿಸಿಸ್ ಒಳಗ ಕಳೆದಿತ್ತು, ಹೆರಿಗಿ, ಮಕ್ಕಳದ್ದು ಪೂರ್ತಿ ಮರತಿದ್ಲು, ಆಕಿಗೆ ಅದು ಸರಿ ಆತು. ಮೂರ್ನೇ ಖಾನೆ ದೊಡ್ಡದಿದ್ರ ಪ್ರಶ್ನೆ ಬ್ಯಾಂಕ್ ಕೊಂಡು ಪ್ರತಿ ಪ್ರಶ್ನೆಗೆ ಯಾಕ ಸರಿ, ಯಾಕ ತಪ್ಪು ಅಂತ ಕೊಟ್ಟಿರೋ ವಿವರಣೆ ನಿಧಾನ ಓದೋದ ಓದು. ಸರಿ ಆದ ಪ್ರಶ್ನೆದ್ದೂ ಓದ್ರಿ, ಅಂದಾಜಿಗೆ ಸರಿ ಆಗಿದ್ದು ನಾಳೆ ತಪ್ತೈತಿ. ಎರಡ್ನೇ ಖಾನೆಗೆ ಕೋಚಿಂಗೂ ಬ್ಯಾಡ ಪುಸ್ತಕನೂ ಬ್ಯಾಡ, ನಿದ್ದಿ ಬೇಕು. ನನ್ನ 9 ತಪ್ಪಿನ್ಯಾಗ 7 ಆ 85 ರ ಮೊದಲ್ನೇ 40 ರಾಗ ಬಂದಿದ್ವು ಅಂತ ಆಮ್ಯಾಲ ಗೊತ್ತಾತು, ಆ 40 ನಾನು ನೈಟ್ ಡ್ಯೂಟಿ ಮುಗಿಸಿ ಮುಂಜಾನೆ ಬಂದು ಮಕ್ಕೊಳ್ಳದ ಮಾಡಿದ್ದೆ.

ಈಗ ನಾನು ಮಾಡೋದು ಇಷ್ಟ, ಡ್ಯೂಟಿ ಇದ್ದ ದಿನ 25 ಪ್ರಶ್ನೆ, ರಜೆ ದಿನ ಚಿಗರಿ ಬಸ್ ಹತ್ತಿ ಧಾರವಾಡ ಸಪ್ತಾಪುರದ ಕಡೆ ಒಂದು ರೀಡಿಂಗ್ ರೂಮಿಗೆ ಹೋಗಿ 75. ಅಲ್ಲೆ ಸುತ್ತಲೂ ಕೆಎಎಸ್, ಪಿಎಸ್‌ಐ ಓದೋ ಹುಡುಗ್ರು, ಹುಡುಗೇರು, ಯಾರೂ ತಲಿ ಎತ್ತಂಗಿಲ್ಲ, ಆ ಸುಮ್ಮನಿರೋ ರೂಮಿನ್ಯಾಗ ಐದು ತಾಸು ಕುಂದ್ರೋ ರೂಢಿ ಆಗ್ತೈತಿ. ವಾರಕ್ಕೊಮ್ಮೆ ಮೂರು ಖಾನೆ ಮತ್ತ ಹಾಕ್ತೀನಿ. ಹೋದ ವಾರ 75 ಕ್ಕ 21 ತಪ್ಪು, 8, 6, 7.

ಕಾಗದಪತ್ರದ್ದು ಒಂದು ಮಾತು ಹೇಳಿ ಮುಗಸ್ತೀನಿ, ಯಾಕಂದ್ರ ಓದಿಗಿಂತ ಮೊದ್ಲ ಚಾಲೂ ಮಾಡಬೇಕಾದ್ದು ಇದು. ಯಾವ ಸ್ಟೇಟ್‌ನ ಬೋರ್ಡಿಗೆ ಹಾಕ್ತೀರಿ ಅಂತ ಆರಿಸಿ, ಸರ್ಟಿಫಿಕೇಟ್ ಪರಿಶೀಲನೆಗೆ ಕಳಿಸಿ, ಬೋರ್ಡ್ ಒಪ್ಪಿದ ಮ್ಯಾಲನ ಪರೀಕ್ಷೆಗೆ ಪರವಾನಗಿ ಪತ್ರ ಬರ್ತೈತಿ, ಅದರ ಅವಧಿಯೊಳಗ ತಾರೀಖು ಹಿಡೀಬೇಕು, ನಮಗ ಬೆಂಗಳೂರಿನ್ಯಾಗ ಸೆಂಟರ್ ಐತಿ. ಫೀ 200 ಡಾಲರ್, ಅಮೆರಿಕಾದ ಹೊರಗ ಬರಿಯೋರಿಗೆ ಮ್ಯಾಲ 150 ಮತ್ತ ಟ್ಯಾಕ್ಸ್, ಫೇಲಾದ್ರ ಕಮ್ಮಿ ಅಂದ್ರ 45 ದಿನ ಕಾಯಬೇಕು, ಫೀ ಮತ್ತ ಕಟ್ಟಬೇಕು. ಹೆಸರು ಪಾಸ್‌ಪೋರ್ಟ್‌ನ್ಯಾಗ ಇದ್ದಂಗ ಪರವಾನಗಿ ಪತ್ರದಾಗೂ ಇರಬೇಕು. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಕಾರ್ಡಿನ್ಯಾಗ ಬರೇ ಹೆಸರು ಮತ್ತ ಅಪ್ಪನ ಇನಿಶಿಯಲ್, ಪಾಸ್‌ಪೋರ್ಟ್‌ನ್ಯಾಗ ಅಡ್ಡಹೆಸರು ಸೈತ ಇರ್ತೈತಿ, ನನಗ ಹಂಗ ಆಗಿತ್ತು, ಎರಡೂ ಒಬ್ಬಾಕೀದ ಅಂತ ಅಫಿಡವಿಟ್ ಮಾಡಿಸಾಕ ಹಾವೇರಿಗೆ ಎರಡು ಸಲ ಹೋಗಿ ಬಂದೆ. ಇವತ್ತ ಸಂಜಿಗೆ ನಿಮ್ಮ ಮಾರ್ಕ್ಸ್ ಕಾರ್ಡು, ಕೌನ್ಸಿಲ್ ಸರ್ಟಿಫಿಕೇಟು, ಪಾಸ್‌ಪೋರ್ಟು ಮೂರೂ ಹಾಸಿಗಿ ಮ್ಯಾಲ ಸಾಲಾಗಿ ಇಟ್ಟು ಅಕ್ಷರ ಅಕ್ಷರ ತಾಳೆ ನೋಡ್ರಿ.