ಐತ್ತಪ್ಪ: ಒಂದು ಹಳೇ ಹೆಸರು, ಒಂದು ಹಳೇ ಕಾಗದ

ಕಳೆದ ಮಳೆಗಾಲದಲ್ಲಿ ಬದಿಯಡ್ಕದ ಕಡೆಯಿಂದ ಅಣ್ಣ ತಮ್ಮ ಇಬ್ಬರು ಪಾಲುಪಟ್ಟಿ ಬರೆಸಲು ಬಂದಿದ್ದರು. ಒಂದೂಕಾಲು ಎಕರೆ ಅಡಿಕೆ ತೋಟ, ಒಂದು ಹಳೇ ಮನೆ. ಜಾಗ ಬಂದದ್ದು ಅಜ್ಜನಿಂದ. ಗೇಣಿದಾರರು ಜಾಗದ ಒಡೆಯರಾದದ್ದಕ್ಕೆ ಲ್ಯಾಂಡ್ ಟ್ರಿಬ್ಯೂನಲ್ ಕೊಟ್ಟ ಕ್ರಯ ಸರ್ಟಿಫಿಕೇಟಿನಲ್ಲಿ ಅಜ್ಜನ ಹೆಸರು ಬರೀ ಎರಡಕ್ಷರ: ಐತ. ನಾನು ಅದನ್ನು ಸ್ವಲ್ಪ ಜೋರಾಗಿಯೇ ಓದಿದೆ. ತಮ್ಮ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದರು. "ಅಣ್ಣಾ, ಇದನ್ನು ಹೀಗೇ ಹಾಕ್ಬೇಕಾ? ಸ್ವಲ್ಪ ಚಂದ ಮಾಡಿ ಬರೀಲಿಕ್ಕೆ ಆಗುದಿಲ್ವಾ?"

ಆಗುವುದಿಲ್ಲ ಎಂದೆ. ತೀರಿಕೊಂಡವರ ಹೆಸರನ್ನು ನಾವು ತಿದ್ದುವ ಹಾಗಿಲ್ಲ. ಜಾಗ ಯಾವ ಹೆಸರಿನಲ್ಲಿ ಬಂತೋ ಅದೇ ಹೆಸರಿನಿಂದ ಮುಂದೆ ಹೋಗಬೇಕು. ಆಮೇಲೆ ಕುಟುಂಬದ ವಿವರ ಬರೆದುಕೊಳ್ಳುವಾಗ ಮಕ್ಕಳ ಹೆಸರು ಕೇಳಿದೆ. ತಮ್ಮನ ದೊಡ್ಡ ಮಗನ ಹೆಸರು ಆದಿತ್ಯ.

"ಹಾಗಾದ್ರೆ ಅಜ್ಜನ ಹೆಸರನ್ನೇ ಇಟ್ಟಿದ್ದೀರಲ್ಲ" ಎಂದೆ. ಅವರಿಗೆ ಅರ್ಥವಾಗಲಿಲ್ಲ.

ನಾನು ಕಾಸರಗೋಡಿನಲ್ಲಿ ಆಧಾರ ಬರೆಯುವವನು. ಗಡಿಯಾಚೆಯ ಓದುಗರಿಗೆ ಹೇಳುತ್ತೇನೆ: ನಮ್ಮಲ್ಲಿ ಆಧಾರ ಎಂದರೆ ಜಾಗದ ದಸ್ತಾವೇಜು. ಮೂವತ್ತು ವರ್ಷಗಳಿಂದ ದಿನವೂ ಜನರ ಹೆಸರು ಬರೆಯುವುದೇ ನನ್ನ ಕೆಲಸ. ಸರ್ವೆ ನಂಬರ್ ತಪ್ಪಿದರೆ ತಿದ್ದುಪಡಿ ಆಧಾರ ಮಾಡಬಹುದು. ಹೆಸರಿನ ಬಗ್ಗೆ ಜನರ ಮನಸ್ಸಿನಲ್ಲಿ ಕೂತ ಸಂಕೋಚವನ್ನು ತಿದ್ದುವುದು ಅದಕ್ಕಿಂತ ಕಷ್ಟ. ಅದಕ್ಕೇ ಈ ಸಲ ಐತ್ತಪ್ಪನ ಬಗ್ಗೆ ಬರೆಯುತ್ತಿದ್ದೇನೆ.

ಐತ ಎಂದರೆ ಭಾನುವಾರ ಹುಟ್ಟಿದವನು. ತುಳುವಿನಲ್ಲಿ ಭಾನುವಾರಕ್ಕೆ ಐತಾರ ಎನ್ನುತ್ತಾರೆ. ಕೊಂಕಣಿಯವರ ಬಾಯಲ್ಲಿ ಅದು ಆಯ್ತಾರ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಐತ್ವಾರ ಎನ್ನುವವರು ಇವತ್ತಿಗೂ ಇದ್ದಾರೆ. ಹಿಂದಿಯ ಇತ್ವಾರ್ ಕೂಡ ಇದೇ ಬಳ್ಳಿಯದು. ಎಲ್ಲದರ ಬೇರು ಆದಿತ್ಯವಾರ, ಅಂದರೆ ಸೂರ್ಯನ ವಾರ. ಆದಿತ್ಯ ಎಂಬ ಮಾತು ಸಾವಿರಾರು ನಾಲಿಗೆಗಳ ಮೇಲೆ ಹರಿದು ಬರುವಾಗ ನಡುವಿನ 'ದ' ಕರಗಿತು. ಕೊನೆಯ 'ತ್ಯ' ಸವೆದು 'ತ್ತ' ಆಯಿತು. ಆಯಿತ್ತ, ಐತ್ತ, ಐತ. ನಮ್ಮ ಕಡೆ ಹೆಸರನ್ನು ಐತಪ್ಪ ಎಂದೂ ಬರೆಯುತ್ತಾರೆ, ಐತ್ತಪ್ಪ ಎಂದೂ ಬರೆಯುತ್ತಾರೆ. ನನಗೆ ಒತ್ತಕ್ಷರ ಇರುವುದೇ ಇಷ್ಟ. ಆ 'ತ್ತ'ದಲ್ಲಿ ಆದಿತ್ಯನ ಹಳೇ ಒತ್ತು ಇನ್ನೂ ಸ್ವಲ್ಪ ಉಳಿದಿದೆ ಎಂದು ಅನಿಸುತ್ತದೆ.

ಹಾಗಾಗಿ ಆ ಪಾಲುಪಟ್ಟಿಯಲ್ಲಿ ಮುತ್ತಜ್ಜನ ಹೆಸರೂ ಮರಿಮಗನ ಹೆಸರೂ ಒಂದೇ. ಒಂದು ಗದ್ದೆಯಲ್ಲಿ ಬೆಳೆದದ್ದು, ಇನ್ನೊಂದು ಪುಸ್ತಕದಿಂದ ಬಂದದ್ದು.

ವಾರದ ಹೆಸರು ಇಡುವ ಪದ್ಧತಿ ಐತನೊಬ್ಬನಲ್ಲೇ ನಿಲ್ಲುವುದಿಲ್ಲ. ತುಳುನಾಡಿನಲ್ಲಿ ಏಳು ವಾರಕ್ಕೂ ಹೆಸರಿದೆ. ಸೋಮವಾರದವನು ಚೋಮ, ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಗುರುವಾರದವನು ಗುರುವ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ ಅಥವಾ ಚನಿಯ. ಹುಡುಗಿಯರಿಗೆ ಐತೆ, ತುಕ್ರು ಹೀಗೆ. ಶುಕ್ರ ತುಕ್ರ ಆದದ್ದು, ಶನಿ ತನಿಯ ಆದದ್ದು ಹೇಗೆ ಎಂದು ಕೇಳಬಹುದು. ತುಳುವಿನಲ್ಲಿ ಊರಿಂದ ಊರಿಗೆ, ಸಮುದಾಯದಿಂದ ಸಮುದಾಯಕ್ಕೆ ಸ, ತ, ಚ ಒಂದರ ಜಾಗದಲ್ಲಿ ಇನ್ನೊಂದು ಬರುತ್ತದೆ. ಸೊಪ್ಪಿಗೆ ಒಬ್ಬರು ಸಪ್ಪು ಎಂದರೆ ಇನ್ನೊಬ್ಬರು ತಪ್ಪು ಎನ್ನುತ್ತಾರೆ. ಹೆಸರುಗಳೂ ಅದೇ ದಾರಿಯಲ್ಲಿ ನಡೆದಿವೆ. ಇವು ಕೆಟ್ಟುಹೋದ ಸಂಸ್ಕೃತ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಇವು ತುಳುವಿನ ನಿಯಮಕ್ಕೆ ಸರಿಯಾಗಿ ಒಗ್ಗಿದ ಹೆಸರುಗಳು.

ಕೊರಗಜ್ಜನಿಗೆ ಹರಕೆ ಹೇಳದ ಮನೆ ನಮ್ಮ ಕಡೆ ಕಡಿಮೆ. ದೈವದ ಕಥೆ ಹೇಳುವ ತುಳು ಹಾಡಾದ ಪಾಡ್ದನದಲ್ಲಿ ಅವನ ಹೆಸರು ಕೊರಗ ತನಿಯ. ಅದೇ ಶನಿವಾರದ ಹೆಸರು. ಕಟ್ಟೆಯ ಮುಂದೆ ಕೈ ಮುಗಿಯುವ ನಾವು ಮನೆಯ ಹಿರಿಯರ ಹೆಸರು ತನಿಯ ಎಂದು ಹೇಳಲು ಹಿಂಜರಿಯುತ್ತೇವೆ. ಇದು ನನಗೆ ನಿಜವಾಗಿಯೂ ಬೇಸರ ತರುವ ವಿಷಯ. ಪಕ್ಕದ ಸುಳ್ಯದ ಎಸ್. ಅಂಗಾರ ಅವರನ್ನು ನೋಡಿ. 1994ರಿಂದ ಆರು ಸಲ ಶಾಸಕರಾದರು, 2021ರಲ್ಲಿ ಮಂತ್ರಿಯಾದರು. ಮಂಗಳವಾರದ ಹೆಸರಿನಲ್ಲೇ ಪ್ರಮಾಣವಚನ ತೆಗೆದುಕೊಂಡರು.

ದೂರದ ಒಂದು ಉದಾಹರಣೆಯನ್ನೂ ಹೇಳುತ್ತೇನೆ. ಆಫ್ರಿಕಾದ ಘಾನಾ ದೇಶದ ಅಕಾನ್ ಜನರಲ್ಲಿ ಇದೇ ಪದ್ಧತಿ ಇದೆ. ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8, ಶುಕ್ರವಾರ. ಕೋಫಿ ಎಂದರೆ ಶುಕ್ರವಾರದವನು. ಅವರು ನಮ್ಮೂರಿನಲ್ಲಿ ಹುಟ್ಟಿದ್ದರೆ ತುಕ್ರ ಆಗುತ್ತಿದ್ದರು. ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಶನಿವಾರದವರು, ನಮ್ಮ ಲೆಕ್ಕದಲ್ಲಿ ತನಿಯ. ಅಲ್ಲಿನ ಐತನಿಗೆ ಕ್ವಾಸಿ ಎನ್ನುತ್ತಾರೆ.

ನಮ್ಮಲ್ಲಿ ವಾರವನ್ನೇ ಯಾಕೆ ಹಿಡಿದರು? ನನ್ನ ಅಂದಾಜು ಹೇಳುತ್ತೇನೆ. ನಕ್ಷತ್ರ ನೋಡಿ ಹೆಸರಿಡಬೇಕಾದರೆ ಪಂಚಾಂಗ ಬೇಕು, ನೋಡುವವರು ಬೇಕು, ಅವರ ಕೈಗೆ ಕೊಡಲು ದಕ್ಷಿಣೆ ಬೇಕು. ವಾರ ಹಾಗಲ್ಲ. ಸಂತೆ ಯಾವ ದಿನ, ಗೇಣಿ ಅಕ್ಕಿ ಯಾವ ದಿನ ಅಳೆಯಬೇಕು ಎಂಬುದು ಎಲ್ಲರಿಗೂ ಗೊತ್ತು. ಮಗು ಹುಟ್ಟಿದ ದಿನವನ್ನು ಮಗುವಿನ ಮೇಲೆಯೇ ಬರೆದಿಟ್ಟ ಹಾಗೆ ಅದು.

ನನ್ನ ಕೆಲಸದಲ್ಲಿ ಇದರಿಂದ ಒಂದು ಕುತೂಹಲದ ಸಂಗತಿ ಎದುರಾಗುತ್ತದೆ. ಹಳಬರಲ್ಲಿ ಜನನ ಪ್ರಮಾಣಪತ್ರ ಇರುವವರು ಕಡಿಮೆ. ಶಾಲೆಗೆ ಸೇರಿಸುವಾಗ ಮಾಷ್ಟ್ರು ಅಂದಾಜಿನಲ್ಲಿ ಹಾಕಿದ ತಾರೀಕೇ ಗತಿ. ಒಬ್ಬ ಐತ್ತಪ್ಪನವರ ದಾಖಲೆಯಲ್ಲಿ ಹುಟ್ಟಿದ ತಾರೀಕು 1-6-1950 ಎಂದಿತ್ತು. ಲೆಕ್ಕ ಹಾಕಿ ನೋಡಿದೆ. ಅವತ್ತು ಗುರುವಾರ! ಜೂನ್ 1 ಶಾಲೆಗೆ ಅನುಕೂಲದ ತಾರೀಕು. ಹೆಸರು ಹೇಳುತ್ತಿರುವುದು ಅಮ್ಮನಿಗೆ ನೆನಪಿದ್ದ ದಿನ. ಇಬ್ಬರಲ್ಲಿ ನಾನು ಅಮ್ಮನನ್ನು ನಂಬುತ್ತೇನೆ. ಆದರೆ ಆಧಾರದಲ್ಲಿ ಹಾಕುವುದು ದಾಖಲೆಯ ತಾರೀಕನ್ನೇ, ಅದರಲ್ಲಿ ಬೇರೆ ಮಾತಿಲ್ಲ. ಮತ್ತೆ, ಎಲ್ಲ ಐತ್ತಪ್ಪಂದಿರೂ ಭಾನುವಾರವೇ ಹುಟ್ಟಿದವರು ಎಂದೂ ಹೇಳಲಾಗದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟಾಗ ವಾರ ನೋಡುವವರಿಲ್ಲ.

ವಾರದ ಲೆಕ್ಕ ಶುರುವಾದರೆ ನನಗೆ ನಿಲ್ಲಿಸಲಿಕ್ಕೆ ಆಗುವುದಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1 ಗುರುವಾರ. ಉಳುವವರಿಗೆ ಜಾಗ ಸಿಕ್ಕಿದ ತಾರೀಕು ಎಂದು ನಾವು ದಿನವೂ ಬರೆಯುವ 1970ರ ಜನವರಿ 1 ಗುರುವಾರ. ಕಾಸರಗೋಡು ಜಿಲ್ಲೆಯಾದ 1984ರ ಮೇ 24 ಕೂಡ ಗುರುವಾರ. ಆ ಮೂರು ದಿನ ಇಲ್ಲಿ ಹುಟ್ಟಿದ ಗಂಡುಮಕ್ಕಳಿಗೆಲ್ಲ ಗುರುವ ಎಂಬ ಹೆಸರು ಸಲ್ಲುತ್ತಿತ್ತು.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಆ ತಮ್ಮ ದನಿ ತಗ್ಗಿಸಿದ್ದು ಯಾಕೆ ಎಂದು ನನಗೆ ಗೊತ್ತು. ಹಳೇ ಗೇಣಿಚೀಟಿಗಳನ್ನು ನೋಡಿದವರಿಗೂ ಗೊತ್ತು. ಧಣಿಯ ಹೆಸರಿಗೆ ಹಿಂದೆ ಮನೆತನ, ಮುಂದೆ ಜಾತಿಯ ಗೌರವ. ದುಡಿಯುವವನ ಹೆಸರು ಬರೀ ಐತ, ಬರೀ ತುಕ್ರ. ಮೂಲಗೇಣಿ, ಅಂದರೆ ಕಾಯಂ ಗೇಣಿ ಇದ್ದವರಿಗೆ, ಸ್ವಲ್ಪ ಕೈ ಗಟ್ಟಿ ಇದ್ದವರಿಗೆ 'ಅಪ್ಪ' ಸೇರುತ್ತಿತ್ತು: ಐತ್ತಪ್ಪ. ಹಾಗಾಗಿ ಐತ್ತಪ್ಪ ಶೆಟ್ಟಿ, ಐತ್ತಪ್ಪ ಪೂಜಾರಿ, ಐತ್ತಪ್ಪ ನಾಯ್ಕ ಎಲ್ಲರೂ ಇದ್ದರು. ಒಂದೇ ಭಾನುವಾರ ಹುಟ್ಟಿದ ಇಬ್ಬರಲ್ಲಿ ಒಬ್ಬ ಐತ್ತಪ್ಪ, ಇನ್ನೊಬ್ಬ ಐತ. ಅಂಗಳದ ಹೊರಗೆ ನಿಂತು "ಏ ಐತಾ" ಎಂದು ಕರೆಸಿಕೊಂಡ ನೆನಪು ಒಂದು ಮನೆಯಲ್ಲಿ ಎರಡು ತಲೆಮಾರು ಉಳಿಯುತ್ತದೆ. ಆ ಹೆಸರು ಬೇಡ ಎನ್ನುವವರನ್ನು ನಾನು ಯಾವತ್ತೂ ತಪ್ಪು ಎನ್ನುವುದಿಲ್ಲ. ತಪ್ಪು ಇರುವುದು ಹಾಗೆ ಕರೆದ ದನಿಯಲ್ಲಿ.

ಆದರೆ ಅದೇ ಎರಡಕ್ಷರ ಕ್ರಯ ಸರ್ಟಿಫಿಕೇಟಿನಲ್ಲೂ ಇದೆಯಲ್ಲ! 1963ರ ಕೇರಳ ಭೂಸುಧಾರಣಾ ಕಾಯ್ದೆಗೆ 1969ರಲ್ಲಿ ತಿದ್ದುಪಡಿಯಾಗಿ, 1970ರ ಜನವರಿ 1ರಿಂದ ಜಮೀನ್ದಾರಿ ಹಕ್ಕು ಕೊನೆಯಾಯಿತು. ಚಾಲಗೇಣಿಯಲ್ಲಿ, ಅಂದರೆ ಯಾವಾಗ ಬೇಕಾದರೂ ಬಿಡಿಸಬಹುದಾದ ಗೇಣಿಯಲ್ಲಿ, ವರ್ಷ ವರ್ಷ ಹೆದರುತ್ತಾ ಬದುಕಿದವರು ಟ್ರಿಬ್ಯೂನಲ್ ಮುಂದೆ ನಿಂತು ಹೆಸರು ಹೇಳಿದರು. "ಎನ್ನ ಪುದರ್ ಐತ." ಗುಮಾಸ್ತರು ಅದನ್ನೇ ಬರೆದರು. ಆ ದಿನಗಳ ಸರ್ಟಿಫಿಕೇಟುಗಳ ಕಟ್ಟು ಬಿಚ್ಚಿದರೆ ಐತ, ಅಂಗಾರ, ಬೂದ, ತನಿಯ ಎಂಬ ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ, ಎಲ್ಲವೂ ಜಾಗದ ಒಡೆಯರ ಹೆಸರಾಗಿ. ನನಗೆ ಆ ಕಾಗದ ಮುಟ್ಟುವಾಗ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಅಣ್ಣತಮ್ಮಂದಿರಿಗೆ ನಾನು ತೋರಿಸಿದ್ದು ಇದನ್ನೇ. "ನಿಮ್ಮ ಅಜ್ಜ ಈ ಹೆಸರಿನಲ್ಲೇ ಒಡೆಯರಾದದ್ದು" ಎಂದೆ. ಅಣ್ಣ ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದರು.

ಹೆಸರು ಅಪರೂಪವಾಗಲು ಇನ್ನೊಂದು ಕಾರಣ ಭಾಷೆ. 1956ರ ಮೊದಲು ನಾವು ಮದ್ರಾಸಿನ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯವರು. ಊರಿನ ಕಾಗದ ಕನ್ನಡದಲ್ಲಿ ನಡೆಯುತ್ತಿತ್ತು, ಗುಮಾಸ್ತರಿಗೂ ತುಳು ಕಿವಿ ಇತ್ತು. ಆಮೇಲೆ ಮಲಯಾಳ ಬಂತು. ಮಲಯಾಳದಲ್ಲಿ ಭಾನುವಾರ ಞಾಯರ್, ಸೋಮವಾರ ತಿಂಗಳ್, ಮಂಗಳವಾರ ಚೊವ್ವ, ಶುಕ್ರವಾರ ವೆಳ್ಳಿ. ತೆಂಕು ಕಡೆಯಿಂದ ಬಂದ ಗುಮಾಸ್ತರಿಗೆ ಐತ ಎಂಬ ಸದ್ದು ಯಾವ ವಾರವನ್ನೂ ನೆನಪಿಸುವುದಿಲ್ಲ. ಗೊತ್ತಿಲ್ಲದ ಹೆಸರನ್ನು ಗೊತ್ತಿರುವ ಹೆಸರಿನ ಹಾಗೆ ಬರೆಯುವುದು ಮನುಷ್ಯ ಸಹಜ. ಐತ್ತಪ್ಪ ಅಯ್ಯಪ್ಪನ್ ಆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಕಚೇರಿಯಲ್ಲಿ ಆದ ಆ ತಪ್ಪನ್ನು ಸರಿಮಾಡಿಸಲು ಆ ಮನೆಯವರಿಗೆ ಎಂಟು ತಿಂಗಳು ಓಡಾಟ, ಅಷ್ಟೂ ದಿನ ಸಾಲದ ಅರ್ಜಿ ನಿಂತಿತ್ತು. ಇನ್ನು ಇಂಗ್ಲಿಷ್ ಸ್ಪೆಲ್ಲಿಂಗ್ ರೇಶನ್ ಕಾರ್ಡಿನಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು, ಆಧಾರ್ ಕಾರ್ಡಿನಲ್ಲಿ ಮತ್ತೊಂದು. 'ಟಿ' ಮುಂದೆ 'ಎಚ್' ಹಾಕಬೇಕೋ ಬೇಡವೋ, ಶುರುವಿನಲ್ಲಿ 'ಎ' ಬೇಕೋ ಬರೀ 'ಐ' ಸಾಕೋ ಎಂದು ಒಬ್ಬೊಬ್ಬರದು ಒಂದೊಂದು.

ಕಯ್ಯಾರ ಕಿಞ್ಞಣ್ಣ ರೈಗಳು ನೆನಪಾಗುತ್ತಾರೆ. 1915ರಿಂದ 2015ರವರೆಗೆ, ತುಂಬಿದ ನೂರು ವರ್ಷ ಬಾಳಿದ ನಮ್ಮ ಕವಿ. ಆ ಹೆಸರಿನ 'ಞ'ವನ್ನು ಅವರು ಬಿಡಲಿಲ್ಲ. ಕಿನ್ನಣ್ಣ ಎಂದು ಸುಲಭ ಮಾಡಿಕೊಳ್ಳಲಿಲ್ಲ. ಹಾಗಾಗಿ ಬೆಂಗಳೂರಿನ ಪತ್ರಿಕೆಗಳೂ ಅದನ್ನು ಹಾಗೆಯೇ ಅಚ್ಚು ಮಾಡುವುದು ಕಲಿತವು. ಐತ್ತಪ್ಪನಿಗೆ ಅಂಥ ಒಬ್ಬ ಕವಿ ಸಿಗಲಿಲ್ಲ.

ನಲವತ್ತು ದಾಟದ ಐತ್ತಪ್ಪನಿಗೆ ನಾನು ಆಧಾರ ಬರೆದು ತುಂಬ ವರ್ಷವಾಯಿತು. ಈಗ ಹೆಸರು ಬರುವುದು ಹೆಚ್ಚಾಗಿ 'ದಿವಂಗತ' ಎಂಬ ಮಾತಿನ ಜೊತೆ, ತಂದೆಯ ಅಥವಾ ಅಜ್ಜನ ಹೆಸರಾಗಿ. ಆದ್ದರಿಂದ ಇಂಥ ಹೆಸರಿರುವ ಮನೆಯವರಿಗೆ ಕೆಲವು ಮಾತು ಹೇಳಲೇಬೇಕು.

ಮೂಲ ಕಾಗದದಲ್ಲಿ ಐತ ಎಂದಿದ್ದು ಬೇರೆ ಕಡೆ ಐತ್ತಪ್ಪ ಎಂದಿದ್ದರೆ ಹೆದರಬೇಡಿ. ಹೊಸ ಆಧಾರದಲ್ಲಿ 'ಐತ ಯಾನೆ ಐತ್ತಪ್ಪ' ಎಂದು ಬರೆಯಬಹುದು. ಯಾನೆ ಎಂಬ ಈ ಸಣ್ಣ ಪದ ನಮ್ಮ ಕಸುಬಿನಲ್ಲಿ ಎಷ್ಟು ಮನೆಗಳನ್ನು ಕಾಪಾಡಿದೆಯೋ! ಅದಕ್ಕೆ ಬೆಂಬಲವಾಗಿ ವಿಲ್ಲೇಜ್ ಆಫೀಸಿನಿಂದ, ಎರಡು ಹೆಸರೂ ಒಬ್ಬರದೇ ಎಂದು ಹೇಳುವ 'ಒನ್ ಆ್ಯಂಡ್ ದಿ ಸೇಮ್' ಸರ್ಟಿಫಿಕೇಟ್ ತೆಗೆದುಕೊಳ್ಳಿ. ಬದುಕಿರುವವರು ಹೆಸರು ಬದಲಾಯಿಸಬೇಕೆಂದರೆ ಗಜೆಟ್ ದಾರಿ ಇದೆ. ಅದನ್ನು ಮಾಡುವುದಾದರೆ ಜಾಗದ ವ್ಯವಹಾರಕ್ಕಿಂತ ಮೊದಲೇ ಮಾಡಿ, ನಡುವೆ ಬೇಡ. ಅರ್ಜಿ ಕೊಡುವಾಗ ಕನ್ನಡದಲ್ಲಿ ಕೊಡುವ ಹಕ್ಕು ನಮಗಿದೆ. ಹೆಸರನ್ನು ಕನ್ನಡದಲ್ಲಿ ಬಿಡಿಸಿ ಬರೆದು ಪಕ್ಕದಲ್ಲಿ ನಿಮಗೆ ಬೇಕಾದ ಇಂಗ್ಲಿಷ್ ಸ್ಪೆಲ್ಲಿಂಗ್ ನೀವೇ ಕೊಡಿ. ಗುಮಾಸ್ತರ ಊಹೆಗೆ ಬಿಡಬೇಡಿ. ಮಲಯಾಳದಲ್ಲಿ ಬರೆದದ್ದನ್ನು ಅಲ್ಲೇ ನಿಂತು ಓದಿಸಿ ಕೇಳಿ, ಕೊನೆಯಲ್ಲಿ 'ನ್' ಸೇರಿದ್ದರೆ ಆಗಲೇ ಹೇಳಿ.

ಹಳೇ ಕ್ರಯ ಸರ್ಟಿಫಿಕೇಟನ್ನು ಲ್ಯಾಮಿನೇಶನ್ ಮಾಡಿಸಬೇಡಿ. ಆ ಬಿಸಿಗೆ ಹಳೇ ಕಾಗದ ಹಾಳಾಗುತ್ತದೆ, ಮತ್ತೆ ಬಿಡಿಸಲಿಕ್ಕೂ ಆಗುವುದಿಲ್ಲ. ದಪ್ಪ ಕವರಿನಲ್ಲಿ ಹಾಕಿ, ಮಳೆಗಾಲದ ತೇವ ತಾಗದ ಕಡೆ ಇಡಿ. ನನ್ನ ಹತ್ತಿರ ಬರುವಾಗ ಜೆರಾಕ್ಸ್ ಮಾತ್ರ ತರಬೇಡಿ, ಮೂಲವನ್ನೂ ತನ್ನಿ. ಅಜ್ಜ ಒತ್ತಿದ ಹೆಬ್ಬೆಟ್ಟು ಜೆರಾಕ್ಸಿನಲ್ಲಿ ಬರೀ ಕಪ್ಪು ಕಲೆಯಾಗಿ ಕಾಣುತ್ತದೆ.