ಡೆಬಿಯನ್ 12: ನಾನ್-ಫ್ರೀ ಹಾಕಿದರೂ ಫರ್ಮ್‌ವೇರ್ ಯಾಕೆ ಸಿಗಲಿಲ್ಲ

ನಿನ್ನೆ ಡೆಬಿಯನ್ ಅನ್ನೋ ಲಿನಕ್ಸ್‌ನಲ್ಲಿ ಒಂದು ವೈಫೈ ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ವೈಫೈ ಸಾಧನ) ಹಿಡಿದುಕೊಂಡು, ಅದನ್ನು ಓಡಿಸಲು ಬೇಕಾದ ಫರ್ಮ್‌ವೇರ್ (ಸಾಧನದ ಒಳಗೆ ಓಡುವ ತಂತ್ರಾಂಶ) ಹುಡುಕುತ್ತಾ ಮೂರು ಗಂಟೆ ಕೂತಿದ್ದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಕಮಾಂಡುಗಳನ್ನು ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಹೊಡೆಯಿರಿ. ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಎಲ್ಲಿ ಬೇಕು ಅಂತ ನಿಮಗೆ ಗೊತ್ತಿರುತ್ತೆ.

ನನ್ನದು ಹಳೇ ಲ್ಯಾಪ್‌ಟಾಪ್. ಡೆಬಿಯನ್ 11ರಿಂದ 12ಕ್ಕೆ ಬಂದಿದ್ದು ಸೋರ್ಸಸ್ ಲಿಸ್ಟ್ ಫೈಲಿನಲ್ಲಿ (ತಂತ್ರಾಂಶ ಎಲ್ಲಿಂದ ತರಬೇಕು ಅಂತ ಬರೆದಿರುವ ಫೈಲ್) ಬುಲ್ಸ್‌ಐ (11ರ ಹೆಸರು) ಅಂತ ಇದ್ದಲ್ಲೆಲ್ಲ ಬುಕ್‌ವರ್ಮ್ (12ರ ಹೆಸರು) ಅಂತ ಬದಲಾಯಿಸಿ. 13 ಬಂದಿದ್ದರೂ ಇನ್ನೂ ಅಲ್ಲಿಗೆ ಹೋಗಿಲ್ಲ. ಒಳಗಿನ ವೈಫೈ ಕೈಕೊಟ್ಟಿತು, ಡಾಂಗಲ್ ಚುಚ್ಚಿದೆ, ಫರ್ಮ್‌ವೇರ್-ರಿಯಲ್‌ಟೆಕ್ ಅನ್ನೋ ಪ್ಯಾಕೇಜ್ ಬೇಕು ಅಂತ ಗೊತ್ತಾಯಿತು. ಫೋನಿನ ಯುಎಸ್‌ಬಿ ಟೆದರಿಂಗ್ ಹಾಕಿ ಆಪ್ಟ್ (ಡೆಬಿಯನ್‌ನಲ್ಲಿ ಪ್ಯಾಕೇಜ್ ತಂದು ಹಾಕುವ ಕಮಾಂಡ್) ಇನ್‌ಸ್ಟಾಲ್ ಹೊಡೆದರೆ 'ನೋ ಇನ್‌ಸ್ಟಲೇಶನ್ ಕ್ಯಾಂಡಿಡೇಟ್'.

ಇಲ್ಲೊಂದು ವ್ಯತ್ಯಾಸ ಗಮನಿಸಿ. 'ಅನೇಬಲ್ ಟು ಲೊಕೇಟ್' ಅಂದರೆ ಆಪ್ಟ್‌ಗೆ ಆ ಹೆಸರೇ ಗೊತ್ತಿಲ್ಲ: ಸ್ಪೆಲಿಂಗ್ ತಪ್ಪು, ಇಲ್ಲವೇ ರೆಪೊ, ಅಂದರೆ ಪ್ಯಾಕೇಜ್ ಸಿಗುವ ಅಂಗಡಿ, ಇಲ್ಲ. 'ಕ್ಯಾಂಡಿಡೇಟ್ ಇಲ್ಲ' ಅಂದರೆ ಬೇರೆ ಯಾವುದೋ ಪ್ಯಾಕೇಜ್ ಆ ಹೆಸರು ಹೇಳಿದೆ, ಆದರೆ ತರಲು ಜಾಗ ಇಲ್ಲ. ಎರಡನೆಯದು ಬಂದರೆ ಹೊಸ ಅಂಗಡಿ ಹುಡುಕುವ ಮೊದಲು ಇರುವ ಅಂಗಡಿಯಲ್ಲೇ ಇನ್ನೊಂದು ಕಪಾಟು ಬೀಗ ಹಾಕಿದೆಯಾ ನೋಡಿ.

ಆ ಕಪಾಟುಗಳಿಗೆ ಕಾಂಪೊನೆಂಟ್ ಅಂತ ಹೆಸರು. ಮೇನ್ ಅಂದರೆ ಪೂರ್ತಿ ಮುಕ್ತ ತಂತ್ರಾಂಶ. ಕಾಂಟ್ರಿಬ್‌ನಲ್ಲಿ ಇರುವುದು ತಾನು ಮುಕ್ತವಾಗಿದ್ದರೂ ಮುಕ್ತವಲ್ಲದ್ದನ್ನು ನೆಚ್ಚಿಕೊಂಡದ್ದು. ನಾನ್-ಫ್ರೀ ಹೆಸರೇ ಹೇಳುತ್ತೆ, ರಾರ್ ಫೈಲ್ ಬಿಚ್ಚುವ ಅನ್‌ರಾರ್ ಅಲ್ಲಿದೆ. (ಕನ್ನಡ ಫಾಂಟ್‌ಗೂ ಇದೆಲ್ಲ ಬೇಕಾ ಅಂತ ಗೆಳೆಯನೊಬ್ಬ ಕೇಳಿದ. ಬೇಡ ಮಾರಾಯ, ಗುಬ್ಬಿ, ನವಿಲು ಎರಡೂ ಮೇನ್‌ನಲ್ಲೇ ಇವೆ.)

ಈಗ ನಾನು ಮುಗ್ಗರಿಸಿದ ಜಾಗ. ನನ್ನ ಫೈಲಿನಲ್ಲಿ ಮೇನ್, ಕಾಂಟ್ರಿಬ್, ನಾನ್-ಫ್ರೀ ಮೂರೂ ಇದ್ದವು. ಹಳೇ ಟಿಪ್ಪಣಿಗಳೆಲ್ಲ 'ನಾನ್-ಫ್ರೀ ಸೇರಿಸಿ' ಅಂತಲೇ ಹೇಳುತ್ತವೆ. ಸೇರಿಸಿಯೇ ಇದೆಯಲ್ಲ! ಆಪ್ಟ್ ಅಪ್‌ಡೇಟ್ ನಾಲ್ಕು ಸಲ ಓಡಿಸಿದೆ, ಸುಮ್ನೆ ಒಮ್ಮೆ ರೀಬೂಟ್ ಕೂಡ ಮಾಡಿದೆ. ವಿಷಯ ಏನೆಂದರೆ, 2023ರ ಜೂನ್‌ನಲ್ಲಿ ಬಂದ 12ರಲ್ಲಿ ಫರ್ಮ್‌ವೇರನ್ನು ನಾನ್-ಫ್ರೀಯಿಂದ ಎತ್ತಿ ನಾನ್-ಫ್ರೀ-ಫರ್ಮ್‌ವೇರ್ ಅನ್ನೋ ನಾಲ್ಕನೇ ಕಪಾಟಿನಲ್ಲಿಟ್ಟಿದ್ದಾರೆ. ಇದು ನಾನ್-ಫ್ರೀಯ ಒಳಗಿನ ಖಾನೆ ಅಲ್ಲ, ಪಕ್ಕದ ಬೇರೆ ಕಪಾಟು. ಒಂದನ್ನು ತೆರೆದರೆ ಇನ್ನೊಂದು ತೆರೆಯುವುದಿಲ್ಲ. ಹೊಸದಾಗಿ 12 ಹಾಕಿಕೊಂಡವರಿಗೆ ಇನ್‌ಸ್ಟಾಲರ್ ತಾನೇ ಬೇಕಾದ ಫರ್ಮ್‌ವೇರ್ ಹಾಕಿ ಈ ಕಪಾಟನ್ನೂ ತೆರೆದುಕೊಡುತ್ತೆ, ಸಿಕ್ಕಿಬೀಳುವುದು ನನ್ನ ಹಾಗೆ 11ರಿಂದ ನಡೆದು ಬಂದವರು. ನಾಚಿಕೆ ಏನೆಂದರೆ, ಪ್ರತಿ ಅಪ್‌ಡೇಟ್‌ನ ಕೊನೆಗೆ 'ಎನ್' ಅಂತ ಶುರುವಾಗುವ ಸಾಲಿನಲ್ಲಿ ಆಪ್ಟ್ ಇದನ್ನೇ ಹೇಳುತ್ತಿತ್ತು. ಎಚ್ಚರಿಕೆ ಅಲ್ಲ, ಬರೀ ನೋಟಿಸ್ ಅಂತ ನಾನು ಓದಿರಲೇ ಇಲ್ಲ.

ಸರಿ, ಸೇರಿಸಿದೆ. ಆದರೆ ಬರೆದಿದ್ದು 'ನಾನ್-ಫ್ರೀ', ಒಂದು ಸ್ಪೇಸ್, ಆಮೇಲೆ 'ಫರ್ಮ್‌ವೇರ್'. ಆ ಸಾಲಿನಲ್ಲಿ ಸ್ಪೇಸ್ ಬಂತೆಂದರೆ ಒಂದು ಹೆಸರು ಮುಗಿದು ಮುಂದಿನದು ಶುರುವಾಯಿತು ಅಂತ ಅರ್ಥ. ಹಾಗಾಗಿ ಆಪ್ಟ್ ಫರ್ಮ್‌ವೇರ್ ಅನ್ನೋ ಕಪಾಟು ಹುಡುಕಿಕೊಂಡು ಹೋಗಿ, ಅಂಥದ್ದು ಇಲ್ಲ, ಸೋರ್ಸಸ್ ಲಿಸ್ಟ್‌ನಲ್ಲಿ ಸ್ಪೆಲಿಂಗ್ ತಪ್ಪಾಗಿದೆಯಾ ಅಂತ ಕೇಳಿತು. ಮೂರು ಪದ, ನಡುವೆ ಎರಡು ಅಡ್ಡಗೆರೆ, ಎಲ್ಲೂ ಸ್ಪೇಸ್ ಇಲ್ಲ. ಸರಿಮಾಡಿ, ಅಪ್‌ಡೇಟ್ ಓಡಿಸಿ, ಇನ್‌ಸ್ಟಾಲ್ ಮಾಡಿ, ಡಾಂಗಲ್ ಕಿತ್ತು ಮತ್ತೆ ಚುಚ್ಚಿದ ಮೇಲೆ ನೀಲಿ ದೀಪ ಮಿಣುಕಿತು.

ಅಪ್‌ಡೇಟ್ ಯಾಕೆ ಬೇಕು? ಫೈಲ್ ತಿದ್ದಿದರೆ ಆಪ್ಟ್‌ಗೆ ಗೊತ್ತಾಗುವುದು ಕಪಾಟಿನ ವಿಳಾಸ ಮಾತ್ರ. ಒಳಗೇನಿದೆ ಅನ್ನುವ ಪಟ್ಟಿ ಬರುವುದು ಅಪ್‌ಡೇಟ್ ಹೊಡೆದ ಮೇಲೆ.

ಇನ್ನೊಂದು: ಫೈಲಿನಲ್ಲಿ ಸಾಮಾನ್ಯವಾಗಿ ಮೂರು ಸಾಲು ಇರುತ್ತವೆ, ಬುಕ್‌ವರ್ಮ್, ಬುಕ್‌ವರ್ಮ್-ಸೆಕ್ಯುರಿಟಿ, ಬುಕ್‌ವರ್ಮ್-ಅಪ್‌ಡೇಟ್ಸ್. ಮೂರಕ್ಕೂ ಸೇರಿಸಿ. ಮೊದಲ ಸಾಲಿಗೆ ಮಾತ್ರ ಸೇರಿಸಿದರೂ ಇನ್‌ಸ್ಟಾಲ್ ಆಗುತ್ತೆ, ಆದ್ದರಿಂದ ಎಲ್ಲ ಸರಿಯಿದೆ ಅನಿಸುತ್ತೆ. ಆದರೆ ಪ್ರೊಸೆಸರ್ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಫರ್ಮ್‌ವೇರ್) ಕೂಡ ಇದೇ ಕಪಾಟಿನಲ್ಲಿದೆ, ಅದರ ತುರ್ತು ತಿದ್ದುಪಡಿ ಸೆಕ್ಯುರಿಟಿ ಸಾಲಿನಿಂದ ಬಂದಾಗ ನಿಮ್ಮ ಕೈಗೆ ಸಿಗಲ್ಲ.

ಈಗ ನನ್ನ ಮುದ್ದಿನ ಕಮಾಂಡ್: ಆಪ್ಟ್ ಪಾಲಿಸಿ, ಮುಂದೆ ಪ್ಯಾಕೇಜ್ ಹೆಸರು. ಯಾವ ಆವೃತ್ತಿ ಹಾಕಿದೆ, ಯಾವುದು ಸಿಗುತ್ತೆ, ಯಾವ ಕಪಾಟಿನಿಂದ, ಮೂರೂ ಒಟ್ಟಿಗೆ ತೋರಿಸುತ್ತೆ. ಕ್ಯಾಂಡಿಡೇಟ್ ಮುಂದೆ 'ನನ್' ಅಂತ ಇದ್ದರೆ ಇನ್‌ಸ್ಟಾಲ್ ಹೊಡೆಯಲೇ ಹೋಗಬೇಡಿ. ಇದನ್ನು ಮೊದಲೇ ಕಲಿತಿದ್ದರೆ ಆ ರೀಬೂಟ್ ತಪ್ಪುತ್ತಿತ್ತು.

ಬ್ಯಾಕ್‌ಪೋರ್ಟ್ಸ್ (ಹೊಸ ಆವೃತ್ತಿಯ ಪ್ಯಾಕೇಜುಗಳನ್ನು ಹಳೇ ಡೆಬಿಯನ್‌ಗೆ ಹೊಂದಿಸಿಟ್ಟ ರೆಪೊ) ಗೊಂದಲ ಬಿಡಿಸಿದ್ದೂ ಇದೇ ಕಮಾಂಡ್. ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್ ಸಾಲು ಸೇರಿಸಿ, ಹೊಸ ಆವೃತ್ತಿ ಬರುತ್ತೆ ಅಂತ ಕಾದರೆ ಹಳೆಯದೇ ಬಂತು. ಪಾಲಿಸಿ ನೋಡಿದರೆ ಬುಕ್‌ವರ್ಮ್‌ಗೆ 500, ಬ್ಯಾಕ್‌ಪೋರ್ಟ್ಸ್‌ಗೆ 100. ಅಂಕ ಜಾಸ್ತಿ ಇದ್ದದ್ದೇ ಗೆಲ್ಲುತ್ತೆ, ಆವೃತ್ತಿ ಎಷ್ಟೇ ಹೊಸದಿರಲಿ. ಬೇಕಂತಲೇ ಹಾಗೆ ಇಟ್ಟಿದ್ದಾರೆ, ಇಲ್ಲದಿದ್ದರೆ ಸಾಲು ಸೇರಿಸಿದ ಕೂಡಲೇ ಅರ್ಧ ಸಿಸ್ಟಮ್ ಬದಲಾಗಿಬಿಡುತ್ತೆ, ಅಲ್ವಾ? ಬೇಕಾದ ಪ್ಯಾಕೇಜಿಗೆ ಮಾತ್ರ ಇನ್‌ಸ್ಟಾಲ್ ಜೊತೆ ಅಡ್ಡಗೆರೆ-ಟಿ ಹಾಕಿ, ಬುಕ್‌ವರ್ಮ್-ಬ್ಯಾಕ್‌ಪೋರ್ಟ್ಸ್ ಅಂತ ಹೇಳಬೇಕು. ಒಮ್ಮೆ ಹಾಗೆ ಹಾಕಿದ ಪ್ಯಾಕೇಜಿಗೆ ಅಲ್ಲಿಂದ ಬರುವ ಮುಂದಿನ ಅಪ್‌ಗ್ರೇಡುಗಳು ತಾವಾಗಿಯೇ ಬರುತ್ತವೆ, ಪ್ರತಿ ಸಲ ಹೇಳಬೇಕಿಲ್ಲ.